ಕಿವಿಗೆ ಹಿಡಿದು ಆರಿಸುವವರು

ಭಾವನವರ ಶಿವಗಣಾರಾಧನೆಯ ದಿನ ಛತ್ರದ ಮೈಕಿನ ಮುಂದೆ ನಿಂತವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಥರ ಹೇಳಿದರು. ಆರಿಸುವುದರಲ್ಲಿ ಅವರನ್ನು ಮೀರಿಸುವವರು ಅರಸೀಕೆರೆಯಲ್ಲಿ ಇನ್ನೊಬ್ಬರಿಲ್ಲ. ಕೊಬ್ಬರಿ ಮಂಡಿಯ ಜೊತೆಗಾರರು ಹೇಳಿದರು, ಮಠದಿಂದ ಬಂದಿದ್ದವರು ಹೇಳಿದರು, ಅವರು ಹೆಣ್ಣು ನೋಡಿ ಮದುವೆ ಮಾಡಿಸಿದ್ದ ಗಂಡಸರು ಕಣ್ಣೊರೆಸಿಕೊಂಡು ಹೇಳಿದರು. ನಾನು ಹೆಂಗಸರ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದವರು ಮೊಣಕೈಯಿಂದ ತಿವಿದು, "ನೀವೂ ನಾಕು ಮಾತಾಡ್ರಮ್ಮ, ಓದಿರೋರು" ಎಂದರು. "ಥ್ರೋಟ್ ಸರಿಯಿಲ್ಲ ಕಣ್ರೀ" ಅಂದೆ. ಗಂಟಲು ಸರಿಯಾಗಿಯೇ ಇತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಒಳ್ಳೆಯದು ಬೇಗ ನೆನಪಾಗದಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ನಾನು ಅವರ ತಮ್ಮನ ಹೆಂಡತಿ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಭಾವನ ಹೆಸರು ಹೇಳುವ ಪದ್ಧತಿಯಿಲ್ಲ. ಪದ್ಧತಿ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ.

ಅವರು ಕೊಬ್ಬರಿ ಆರಿಸುವುದನ್ನು ನೋಡಬೇಕಿತ್ತು. ಹಾರನಹಳ್ಳಿ ಕಡೆಯ ರೈತರು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯಿಗಳನ್ನು ತಂದು ಸುರಿಯುತ್ತಿದ್ದರು. ಇವರು ಒಂದನ್ನು ಎತ್ತಿ, ಕಿವಿಯ ಪಕ್ಕಕ್ಕೆ ಹಿಡಿದು, ಕಣ್ಣು ಅರ್ಧ ಮುಚ್ಚಿ ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಅನ್ನುತ್ತದೆ. ಆ ಸದ್ದಿನಿಂದಲೇ ಒಣಗಿದೆಯೋ, ಹಸಿಯಿದೆಯೋ, ಕೊಳೆತಿದೆಯೋ ಹೇಳಿಬಿಡುವರು. ಆಮೇಲೆ ಅಂಗೈಯಲ್ಲಿ ಇಟ್ಟು ತೂಗುವರು. ಕಿವಿ, ಅಂಗೈ, ಮುಗಿಯಿತು. ಈ ವಿಷಯದಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ. ರೈತರಿಗೆ ತೂಕದಲ್ಲಿ ಮೋಸ ಮಾಡಿದವರೂ ಅಲ್ಲ. ಇದನ್ನೂ ಹೇಳಬೇಕು, ಹೇಳಿದ್ದೇನೆ.

ತೊಂದರೆಯೇನೆಂದರೆ, ಲೋಕದಲ್ಲಿರುವುದೆಲ್ಲ ಕೊಬ್ಬರಿಯೆಂದು ಅವರು ನಂಬಿದ್ದರು. ಔಷಧಿ ಬಾಟಲಿ, ಕೈಗಡಿಯಾರ, ದೀಪಾವಳಿಯ ಪಟಾಕಿ ಡಬ್ಬ, ಎಲ್ಲವೂ ಕಿವಿಯ ಹತ್ತಿರ ಹೋಗಿ ಬರಲೇಬೇಕು. ನಾನೂ ಹೋಗಿ ಬಂದವಳೇ. ಬೇಲೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ನನ್ನ ಗಂಡನಾಗುವವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಮಾತೆಲ್ಲ ಅಣ್ಣನದೇ. "ಕಾನ್ವೆಂಟಲ್ಲಿ ಓದೀಯಂತೆ, ಎಲ್ಲಿ, ಏನಾದ್ರೂ ಇಂಗ್ಲೀಷಲ್ಲಿ ಹೇಳಮ್ಮ" ಎಂದರು. ಗಾಬರಿಯಲ್ಲಿ ನನಗೆ ಬಾಯಿಗೆ ಬಂದದ್ದು ಹಾಸ್ಟೆಲ್ಲಿನಲ್ಲಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆ. ಅದನ್ನೇ ಗಡಗಡನೆ ಹೇಳಿದೆ. ಅವರು ಕಣ್ಣು ಅರ್ಧ ಮುಚ್ಚಿ ಕೇಳಿ, ನಮ್ಮಪ್ಪನ ಕಡೆ ತಿರುಗಿ, "ಸದ್ದು ಚೆನ್ನಾಗೈತೆ. ನಮಗೆ ಒಪ್ಪಿಗೆ" ಅಂದರು. ನಮಗೆ! ಅಂದಿನಿಂದ ಬಂದವರ ಮುಂದೆಲ್ಲ, "ಇವಳ್ನ ನಾನೇ ಆರ್ಸಿ ತಂದಿದ್ದು" ಎಂಬ ಮಾತು ಕಾಫಿಯ ಜೊತೆಗೆ ತಪ್ಪದೆ ಬರುತ್ತಿತ್ತು. ಅವರು ನನಗಿಟ್ಟ ಹೆಸರು ಕಾನ್ವೆಂಟಮ್ಮ.

ಮದುವೆಯಾದ ಮೇಲೆ ನಾನು ಆರಿಸಿದ್ದು ಏನು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಸೀರೆ ಅವರು ಮೈಸೂರಿನಿಂದ ಒಟ್ಟಿಗೆ ತರುತ್ತಿದ್ದರು. ಓರಗಿತ್ತಿಗೊಂದು, ನನಗೊಂದು, ಬಣ್ಣ ಮಾತ್ರ ಬೇರೆ. ನನ್ನ ರೂಮಿನ ಗೋಡೆಗೆ ಹಸಿರು ಬಣ್ಣ ಹೊಡೆಸಿದ್ದು ಅವರು. ಓದುವ ಕನ್ನಡಕದ ಫ್ರೇಮನ್ನು ಕೂಡ "ಗಟ್ಟಿಯಾಗಿರ್ಲಿ" ಎಂದು ಅವರೇ ಆರಿಸಿದರು. ಎಮ್ಮೆಯ ಕೊಂಬಿನ ಹಾಗಿತ್ತು ಅದು, ಮೂಗಿನ ಮೇಲೆ ಇನ್ನೂ ಅದರ ಗುರುತಿದೆ. ಇವೆಲ್ಲ ಹೋಗಲಿ. ನನ್ನ ಮಗಳಿಗೆ ಸಂಗೀತದಲ್ಲಿ ಡಿಗ್ರಿ ಮಾಡುವ ಆಸೆಯಿತ್ತು. "ಹಾಡಿಗೆ ತೂಕ ಎಲ್ಲೈತಮ್ಮ?" ಎಂದು ಬಿ.ಕಾಂ. ಸೇರಿಸಿ ಬಂದರು. ನನ್ನ ಗಂಡ, ಪಾಪದ ಮನುಷ್ಯ, "ಅಣ್ಣ ಯೋಚನೆ ಮಾಡೇ ಮಾಡಿರ್ತಾನೆ ಕಣೇ" ಅಂದರು. ಮಗಳು ಈಗ ದಾವಣಗೆರೆಯಲ್ಲಿ ಗಂಡನ ಅಂಗಡಿಯ ಜಿಎಸ್‌ಟಿ ನೋಡಿಕೊಳ್ಳುತ್ತಾಳೆ. ಹಾಡುವುದಿಲ್ಲ. ಕೇಳಿದರೆ "ಲೀವ್ ಇಟ್ ಮಮ್ಮಿ" ಅನ್ನುತ್ತಾಳೆ. ನನ್ನ ಗಂಡ ತೀರಿಕೊಂಡಾಗ ಗೋಡೆಗೆ ಹಾಕುವ ಫೋಟೋ ಆರಿಸಿದ್ದೂ ಭಾವನವರೇ. ನನ್ನ ಗಂಡ ನಗುತ್ತಿದ್ದ ಫೋಟೋ ನನ್ನ ಹತ್ತಿರ ಇತ್ತು. ಆದರೆ ಗೋಡೆಯ ಮೇಲಿರುವುದು ಪಾಸ್‌ಪೋರ್ಟ್ ಸೈಜಿನಿಂದ ದೊಡ್ಡದು ಮಾಡಿಸಿದ, ಪೊಲೀಸರಿಗೆ ಹೆದರಿದಂತಿರುವ ಮುಖ.

ಹಾಲಿನಲ್ಲಿ ಟೀವಿಯಿತ್ತು, ರಿಮೋಟು ಭಾವನವರ ಪಂಚೆಯ ಮಡಿಲಲ್ಲಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸುದ್ದಿಯವರು ಕಿರುಚುತ್ತಿದ್ದರು. ಭಾವ ಕೂತಿರುವಾಗ ನಾವು ಹೆಂಗಸರು ಅಲ್ಲಿ ಕೂರುವ ಹಾಗಿಲ್ಲ. ನೋಡುವುದಾದರೆ ಅಡುಗೆಮನೆಯ ಬಾಗಿಲ ಹತ್ತಿರ ನಿಂತು ನೋಡಬೇಕು. ನನಗೆ ಮಂಡಿನೋವು. ಹೀಗೆ ನಿಂತು ನಿಂತು ಒಂದು ದಿನ ನನಗೆ ಆಸೆ ಹುಟ್ಟಿತು, ನನ್ನ ರೂಮಿನಲ್ಲಿ, ನನ್ನ ಮಂಚದ ಪಕ್ಕ, ನನಗೆ ಬೇಕಾದ್ದನ್ನು ಕೂತುಕೊಂಡು ನೋಡುವ ಒಂದು ಕಂಪ್ಯೂಟರ್ ಬೇಕು. ಹಳೆಯ ಕಪ್ಪುಬಿಳುಪು ಸಿನಿಮಾ, ರೇಡಿಯೋದಲ್ಲಿ ಕೇಳುತ್ತಿದ್ದ ಹಾಡು, ಸಿಸ್ಟರ್ ಒಬ್ಬರು ಶನಿವಾರ ನುಡಿಸುತ್ತಿದ್ದಂಥ ಪಿಯಾನೋ. ರೆಡಿಮೇಡ್ ತೆಗೆದುಕೊಳ್ಳಬಹುದಿತ್ತು. ಮಗಳೂ ಅದನ್ನೇ ಹೇಳಿದಳು. ಆದರೆ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಮನೆಯಲ್ಲೇ ಜೋಡಿಸಬಹುದೆಂದು ಗೊತ್ತಾದ ಮೇಲೆ ನನಗೆ ಬೇರೆಯದು ಬೇಡವಾಯಿತು. ಒಂದೊಂದು ಭಾಗವನ್ನೂ ನಾನೇ ಆರಿಸಬಹುದು ಎಂಬ ಮಾತು ಕೇಳಿಯೇ ಮೈ ಜುಮ್ಮೆಂದಿತು.

ಕಲಿಸಿದವಳು ಫಿಲೋ. ಕಾನ್ವೆಂಟಿನಲ್ಲಿ ನನ್ನ ಡೆಸ್ಕ್‌ಮೇಟ್. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ, ರಿಟೈರಾಗಿ ಬೇಲೂರಿನಲ್ಲಿ ಯಗಚಿ ಕಡೆಯ ಬಡಾವಣೆಯಲ್ಲಿದ್ದಾಳೆ. ಮಧ್ಯಾಹ್ನ ಭಾವ ಮಲಗಿದ ಹೊತ್ತಿಗೆ ಫೋನ್ ಮಾಡುತ್ತಿದ್ದೆ.

"ಮೊದಲು ಹೇಳು, ಗೇಮ್ಸ್ ಆಡ್ತೀಯಾ?" ಎಂದು ಕೇಳಿದಳು.

"ಈ ವಯಸ್ಸಿಗೆ ನಾನೇನೇ ಆಡ್ಲಿ? ಪಿಕ್ಚರು, ಹಾಡು, ಅಷ್ಟೇ."

"ಹಾಗಾದ್ರೆ ರೇಸ್ ಕುದುರೆ ಬೇಡ, ಜಟಕಾ ಕುದುರೆ ಸಾಕು. ಕೇಳಿಸ್ಕೋ. ಪ್ರೊಸೆಸರ್ ಅಂದ್ರೆ ತಲೆ. ಚಿತ್ರ ಮೂಡಿಸೋ ಭಾಗ ಆ ತಲೆಯೊಳಗೇ ಇರೋದು ಸಿಗುತ್ತೆ, ಇಲ್ಲದೇ ಇರೋದೂ ಸಿಗುತ್ತೆ. ಇಲ್ಲದೇ ಇರೋದು ಸ್ವಲ್ಪ ಚೀಪ್. ಅದನ್ನ ತಗೊಂಡ್ರೆ ಚಿತ್ರಕ್ಕೆ ಅಂತ ಬೇರೆ ಕಾರ್ಡ್ ಹಾಕ್ಬೇಕು. ನಿನಗೆ ಇರೋದೇ ಬೇಕು. ಇದೊಂದು ಮರೆತರೆ ಸ್ಕ್ರೀನು ಅಮಾವಾಸ್ಯೆ ಕಣೇ."

ಸಿನಿಮಾಗಳನ್ನೂ ಹಾಡುಗಳನ್ನೂ ಇಟ್ಟುಕೊಳ್ಳುವುದಕ್ಕೆ ಹಳೆಯ ಕಾಲದ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ತೆಗೆದುಕೋ ಎಂದಳು. ಒಳಗೆ ತಿರುಗುವುದೇನೂ ಇಲ್ಲದ ತೆಳ್ಳನೆಯ ಬಿಲ್ಲೆ, ಸದ್ದಿಲ್ಲ, ಬೇಗ ಕೆಲಸ ಮಾಡುತ್ತದೆ. ಫ್ಯಾನು ನಿಧಾನದ್ದಾಗಿರಲಿ, ಕ್ಯಾಬಿನೆಟ್ಟು ಚಿಕ್ಕದಾಗಿರಲಿ, ಉಳಿಸಿದ್ದನ್ನು ಸ್ಪೀಕರಿಗೆ ಹಾಕು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿದೆ. ಹಾಲು ಕಾಯಿಸುವಾಗ, ಚಪಾತಿ ಲಟ್ಟಿಸುವಾಗ ಅವುಗಳ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ. ಓರಗಿತ್ತಿ, ನಾನು ಅಕ್ಕ ಅನ್ನುತ್ತೇನೆ, "ಯಾವ್ ದೇವ್ರ ಮಂತ್ರನೇ ಇದು?" ಎಂದು ಕೇಳಿದರು.

ನಮ್ಮ ಊರಿನ ಕಂಪ್ಯೂಟರ್ ಅಂಗಡಿಗೆ ನಾನೊಬ್ಬಳೇ ಹೋದೆ. ಆ ಅಂಗಡಿಯಿರುವ ಕಟ್ಟಡ ಭಾವನವರದು, ಮಾಲೀಕ ಅವರ ಬಾಡಿಗೆದಾರ. ಮರ್ಯಾದೆಯಿಂದ ಸ್ಟೂಲು ಕೊಟ್ಟು ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಂದೊಂದೇ ಡಬ್ಬ ಕೌಂಟರಿನ ಮೇಲೆ ಇಟ್ಟ. "ಪರವಾಗಿಲ್ಲ ಅಮ್ಮಾವ್ರೇ, ಎಲ್ಲಾ ತಿಳ್ಕಂಡೇ ಬಂದಿದೀರ" ಅಂದ. ನನಗೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಷ್ಟು ಖುಷಿ. ಅಷ್ಟರಲ್ಲಿ ಬಾಗಿಲಲ್ಲಿ ಭಾವನವರ ಮೊಪೆಡ್ ನಿಂತಿತು. ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಯಾರು ಮುಟ್ಟಿಸುವುದಿಲ್ಲ?

ಅವರು ಬಂದಕೂಡಲೇ ನಾನು ಸ್ಟೂಲಿನಿಂದ ಎದ್ದೆ. ಅಭ್ಯಾಸ. ಅವರು ಅದರ ಮೇಲೆ ಕೂತರು.

ಮೊದಲು ಎಸ್‌ಎಸ್‌ಡಿಯ ಡಬ್ಬ ಎತ್ತಿ ಕಿವಿಗೆ ಹಿಡಿದರು. ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಅಂಗೈಯಲ್ಲಿಟ್ಟು ತೂಗಿದರು. "ಏನಯ್ಯಾ ಇದು, ಒಳಗೇನೂ ಇಲ್ಲ! ಹೆಂಗಸ್ರು ಅಂತ ಖಾಲಿ ಡಬ್ಬ ಕೊಡ್ತೀಯಾ?"

"ಇಲ್ಲ ಸಾವ್ಕಾರ್ರೇ, ಅದು ಇರೋದೇ ಹಂಗೆ."

"ತೂಕ ಇರೋದು ಏನೈತೆ ತೋರ್ಸು."

ಅವನು ಹಾರ್ಡ್ ಡಿಸ್ಕ್ ತಂದ. ಅದು ಇಟ್ಟಿಗೆಯ ಹಾಗೆ ತೂಕವಿತ್ತು. "ಇದು ಮಾಲು" ಅಂದರು ಭಾವ. ಕ್ಯಾಬಿನೆಟ್ಟಿಗೂ ಇದೇ ಗತಿ. ನಾನು ಆರಿಸಿದ್ದು ಚಿಕ್ಕದು, ಬಿಳಿಯದು. ಅವರು ಆರಿಸಿದ್ದು ಬೀರುವಿನಂಥದು. ಪ್ರೊಸೆಸರ್ ಹತ್ತಿರ ಬಂದಾಗ ಅಂಗಡಿಯವನು ಇನ್ನೊಂದು ಡಬ್ಬ ತೆಗೆದು, "ಇದು ಅದೇ ಜಾತಿದು ಸಾವ್ಕಾರ್ರೇ, ರೇಟು ಕಮ್ಮಿ. ಆದ್ರೆ ಚಿತ್ರ ಮೂಡ್ಸೋ ಭಾಗ ಇದ್ರಲ್ಲಿಲ್ಲ, ಅದಕ್ಕೆ ಬೇರೆ ಕಾರ್ಡ್ ಬೇಕು" ಅಂದ. ಪಾಪ, ಅವನು ಮುಚ್ಚಿಡಲಿಲ್ಲ.

"ಚಿತ್ರ ತೋರ್ಸಕ್ಕೆ ಅಂತ ಆ ಪರದೆ ತಗಂಡಿಲ್ವೇನಯ್ಯಾ?" ಎಂದು ಭಾವ ಮಾನಿಟರಿನ ಕಡೆ ಬೆರಳು ಮಾಡಿದರು. "ಒಂದು ಕೆಲ್ಸಕ್ಕೆ ಎರಡಾಳು ಯಾಕೆ? ನನ್ನ ಮಂಡೀಲಿ ಹಂಗೆ ಇಟ್ಕಂಡಿದ್ರೆ ಇಷ್ಟೊತ್ತಿಗೆ ಬಾಗ್ಲು ಹಾಕ್ಬೇಕಾಗ್ತಿತ್ತು. ಇದು ಕೊಡು. ಕಾರ್ಡು ಗೀರ್ಡು ಬ್ಯಾಡ."

"ಭಾವ, ಅದು ಬೇಡ. ಅದರಲ್ಲಿ ಸ್ಕ್ರೀನ್ ಬರೋದಿಲ್ಲ" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನೀ ಸುಮ್ಕಿರಮ್ಮ. ವ್ಯಾಪಾರ ಆಯ್ತಾ ಐತೆ."

ಹೆಗಲ ಮೇಲಿನ ಟವೆಲನ್ನು ತೆಗೆದು ಅಂಗಡಿಯವನ ಕೈಮೇಲೆ ಹಾಕಿದರು. ಅವನ ಅಪ್ಪ ಮಂಡಿಯಲ್ಲಿ ದಲ್ಲಾಳಿಯಾಗಿದ್ದವನು, ಹಾಗಾಗಿ ಮಗನಿಗೂ ಆ ವಿದ್ಯೆ ಗೊತ್ತು. ಹಳೆಯ ಕಾಲದ ವ್ಯಾಪಾರ ಅದು. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುವುದು, ಸುತ್ತ ನಿಂತವರಿಗೆ ತಿಳಿಯಬಾರದೆಂದು. ಅಲ್ಲಿ ಸುತ್ತ ನಿಂತಿದ್ದವಳು ನಾನೊಬ್ಬಳೇ. ಟವೆಲಿನ ಕೆಳಗೆ ಬೆರಳುಗಳು ಸರಿದಾಡಿದವು, ಭಾವ ತಲೆ ಅಲ್ಲಾಡಿಸಿದರು, ಅವನು ನಕ್ಕ, ಮತ್ತೆ ಬೆರಳು, ಆಯಿತು. ದುಡ್ಡು ನನ್ನದು, ಬೆರಳು ಅವರದು. ಅಂಗಡಿಯವನು ನಾನು ಆರಿಸಿದ್ದ ಡಬ್ಬಗಳನ್ನು ಕಪಾಟಿಗೆ ವಾಪಸ್ ಇಡುವಾಗ ನನ್ನ ಮುಖ ನೋಡಲಿಲ್ಲ.

ಮನೆಗೆ ತಂದು ನಾನೇ ಜೋಡಿಸಿದೆ, ಫಿಲೋ ವೀಡಿಯೋ ಕಾಲಿನಲ್ಲಿ ಹೇಳಿಕೊಟ್ಟಂತೆ. ಡಬ್ಬದ ಮೇಲಿನ ಅಕ್ಷರ ನೋಡಿಯೇ ಅವಳು, "ಅಯ್ಯೋ ಸ್ಟುಪಿಡ್, ಇದು ಯಾಕೆ ತಂದೆ?" ಅಂದಳು. "ನಾನು ತರಲಿಲ್ಲ" ಅಂದೆ. ಆದರೂ ಜೋಡಿಸಿದೆ. ಬರುವುದಿಲ್ಲವೆಂದು ಗೊತ್ತಿದ್ದರೂ, ಎಲ್ಲೋ ಒಂದು ಮೂಲೆಯಲ್ಲಿ ಭಾವನೇ ಸರಿಯಿದ್ದರೆ ಎಂದು ಅನುಮಾನ. ಇಷ್ಟು ವರ್ಷ ಅವರ ಮನೆಯಲ್ಲಿ ಬಾಳಿದರೆ ಮೆದುಳು ಹಾಗಾಗುತ್ತದೆ. ಸ್ವಿಚ್ ಹಾಕಿದಾಗ ಫ್ಯಾನು ರಾಗಿ ಮಿಲ್ಲಿನ ಹಾಗೆ ಭೋರೆಂದಿತು, ಬೀರು ಗಡಗಡ ಅಲುಗಿತು, ಪರದೆ ಮಾತ್ರ ಕಪ್ಪು. ಭಾವ ಬಂದು ಬಾಗಿಲಲ್ಲಿ ನಿಂತು ಕಿವಿಗೊಟ್ಟರು. "ಸದ್ದು ಚೆನ್ನಾಗೇ ಐತಲ್ಲ" ಅಂದರು. ಪರದೆ ನೋಡಿ, ಅಕ್ಕನಿಗೆ ಕೇಳುವಂತೆ, "ಮಾಲು ನಂದು ಸರಿಯಾಗೈತೆ. ಜೋಡ್ಸಿರೋದು ಕಾನ್ವೆಂಟಮ್ಮ ಅಲ್ವಾ" ಎಂದು ನಕ್ಕು ಹೋದರು. ಸಂಜೆಯೊಳಗೆ ಆ ಮಾತು ಮಂಡಿಯಲ್ಲೂ ಓಡಾಡಿತು. ಮಾರನೆಯ ದಿನ ಹೂವಿನವಳು ಕೂಡ "ಬಂತೇನ್ರವ್ವ ಟೀವಿ?" ಎಂದು ಕೇಳಿದಳು.

ಅಂಗಡಿಗೆ ಹೋಗಿ ಬದಲಾಯಿಸಿಕೊಡೆಂದು ಕೇಳಿದೆ. "ಕೊಡ್ತೀನಿ ಅಮ್ಮಾವ್ರೇ, ಸಾವ್ಕಾರ್ರು ಒಂದ್ಮಾತು ಹೇಳ್ಲಿ" ಅಂದ. ಅವರು ಹೇಳುವುದೆಂದರೆ ಅವರ ಕಿವಿ ತಪ್ಪಿತೆಂದು ಒಪ್ಪಿಕೊಳ್ಳುವುದು. ನಾನು ಕೇಳಲೂ ಇಲ್ಲ. ರೂಮಿನಲ್ಲಿ ಆ ಕರಿ ಬೀರು ನಿಂತೇ ಇತ್ತು. ಅದರ ಮೇಲೆ ಅಕ್ಕ ಒಗೆದ ಟವೆಲುಗಳನ್ನು ಮಡಿಚಿಡಲು ಶುರುಮಾಡಿದರು. ಅದನ್ನು ನೋಡಿದ ದಿನ ನಾನು ಫಿಲೋಗೆ ಫೋನ್ ಮಾಡಿದೆ. ಆನ್‌ಲೈನಿನಲ್ಲಿ ನಾನು ಮೊದಲು ಆರಿಸಿದ್ದ ಪ್ರೊಸೆಸರನ್ನೂ ಎಸ್‌ಎಸ್‌ಡಿಯನ್ನೂ ತರಿಸು, ನಿನ್ನ ಅಡ್ರೆಸ್ಸಿಗೆ ತರಿಸು ಅಂದೆ. ನಮ್ಮ ಮನೆಗೆ ಬಂದರೆ ಬಾಗಿಲಲ್ಲೇ ಅವರು ತೆಗೆದುಕೊಂಡು ಅಲ್ಲಾಡಿಸುತ್ತಾರೆ.

ಬೇಲೂರಿಗೆ ಬಸ್ಸಿನಲ್ಲಿ ಹೋದೆ. ಮನೆಯಲ್ಲಿ "ಫ್ರೆಂಡಿಗೆ ಹುಷಾರಿಲ್ಲ" ಎಂದಿದ್ದೆ. ಹುಷಾರಿಲ್ಲದ ಫ್ರೆಂಡು ನನಗೆ ಕೇಕ್ ಕೊಟ್ಟು, ಸ್ಕ್ರೂಡ್ರೈವರ್ ಕೊಟ್ಟು, "ನೀನು ಈ ಮನುಷ್ಯನಿಗೆ ಒಂದು ಸಲವಾದ್ರೂ ನೋ ಅಂತ ಹೇಳಿದೀಯೇನೇ?" ಎಂದು ಕೇಳಿದಳು. ಕೇಕು ಬಾಯಲ್ಲಿದೆಯೆಂದು ಸನ್ನೆ ಮಾಡಿದೆ. ವಾಪಸ್ಸು ಬರುವಾಗ ಹಳೇಬೀಡಿನಲ್ಲಿ ಟೂರಿಸ್ಟ್ ಹುಡುಗಿಯರು ಹತ್ತಿದರು. ಜೋರಾಗಿ ನಗುತ್ತ, ಇವತ್ತು ಎಲ್ಲಿ ಉಳಿಯೋಣ, ನಾಳೆ ಎಲ್ಲಿಗೆ ಹೋಗೋಣ ಎಂದು ಫೋನು ನೋಡಿಕೊಂಡು ತಾವೇ ತೀರ್ಮಾನ ಮಾಡುತ್ತಿದ್ದರು. ನಾನು ಬ್ಯಾಗಿನಲ್ಲಿದ್ದ ಡಬ್ಬಗಳ ಮೇಲೆ ಕೈಯಿಟ್ಟುಕೊಂಡು, ಜಾವಗಲ್ ದಾಟುವವರೆಗೂ ಅವರನ್ನೇ ನೋಡಿದೆ.

ಮರುದಿನ ಮಧ್ಯಾಹ್ನ ಬದಲಾಯಿಸಿದೆ. ಪರದೆ ಬೆಳಗಿತು. ಅಷ್ಟೇ, ಬರೆಯುವಂಥದ್ದು ಏನೂ ಇಲ್ಲ. ನೀಲಿ ಬಣ್ಣ ಬಂತು, ನಾನು ಅತ್ತೆ.

ಸಂಜೆ ಭಾವ ಮಂಡಿಯಿಂದ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಬಂದವರು ನನ್ನ ರೂಮಿನಿಂದ ಹಾಡು ಬರುತ್ತಿರುವುದನ್ನು ಕೇಳಿ ಬಾಗಿಲಿಗೆ ಬಂದರು. "ನೋಡ್ರಪ್ಪ, ಬಂತು! ಒಸಿ ಬಿಸಿ ಆಗ್ಬೇಕಿತ್ತು ಅಷ್ಟೇಯ. ನಾನು ಆರ್ಸಿದ ಮಾಲು ಬರ್ದೇ ಎಲ್ಲೋಗ್ತದೆ?"

ನಾನು ಕುರ್ಚಿಯ ಮೇಲೆ ಕೂತಿದ್ದೆ. ಆಗಲೂ ಎದ್ದೆ, ನಾಚಿಕೆಯಿಲ್ಲದ ಮಂಡಿ. ಆದರೆ ಎದ್ದವಳು ಕಪಾಟಿನ ಹತ್ತಿರ ಹೋಗಿ, ಬಿಚ್ಚಿಟ್ಟಿದ್ದ ಹಳೆಯ ಪ್ರೊಸೆಸರನ್ನು ತಂದು ಅವರ ಅಂಗೈಯಲ್ಲಿಟ್ಟೆ. "ಭಾವ, ನೀವು ಆರಿಸಿದ್ದು ಇದು. ಒಳಗಿರೋದು ನಾನು ಆರಿಸಿದ್ದು" ಅಂದೆ. ಜೊತೆಗಾರರಲ್ಲಿ ಒಬ್ಬರು ಕೆಮ್ಮಿದರು. ನೀವು ನಂಬಬೇಕು, ಭಾವ ಅದನ್ನೂ ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದರು. ಆಮೇಲೆ ಹೊಸ್ತಿಲ ಮೇಲೆ ಇಟ್ಟು ಹೊರಟುಹೋದರು. ಆ ಮಳೆಗಾಲವೆಲ್ಲ ನನ್ನೊಡನೆ ಮಾತಾಡಲಿಲ್ಲ. "ಅವಳಿಗೆ ಹೇಳು" ಎಂದು ಅಕ್ಕನ ಮೂಲಕ ಹೇಳಿಸುವರು. ಅಂಥ ಸುಖದ ಮಳೆಗಾಲವನ್ನು ನಾನು ಆ ಮನೆಯಲ್ಲಿ ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಭಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ವೀಲ್‌ಚೇರ್ ಬಂತು. ಅವರ ರೂಮಿನಲ್ಲಿ ಮಲಗಿ ಮಲಗಿ ಬೇಜಾರು. ಹಾಲಿನ ಟೀವಿಯೂ ಆ ಹೊತ್ತಿಗೆ ಕೆಟ್ಟಿತ್ತು, ಹೊಸದನ್ನು ಆರಿಸಲು ಅಂಗಡಿಗೆ ಹೋಗುವವರು ಅವರೇ ಆಗಬೇಕಲ್ಲ, ಹಾಗಾಗಿ ಯಾರೂ ತಂದಿರಲಿಲ್ಲ. ಒಂದು ದಿನ ಅಕ್ಕ ಬಂದು, "ಆ ಮಿಷನ್ ನಮ್ ರೂಮಿಗೆ ಇಡ್ಬೇಕಂತೆ ಕಣೇ" ಅಂದರು.

"ಇಲ್ಲ ಅಕ್ಕ. ಅದು ಇಲ್ಲೇ ಇರುತ್ತೆ."

ಅಕ್ಕ ನನ್ನನ್ನೇ ನೋಡಿದರು. "ಏನಂತ ಹೇಳ್ಲಿ?"

"ನೋಡಬೇಕು ಅನ್ಸಿದ್ರೆ ಅವರೇ ಬರಲಿ."

ಎರಡು ದಿನ ಬರಲಿಲ್ಲ. ಮೂರನೆಯ ದಿನ ಅಕ್ಕ ವೀಲ್‌ಚೇರ್ ತಳ್ಳಿಕೊಂಡು ಬಂದರು. ನನ್ನ ಹಸಿರು ಗೋಡೆಯ ರೂಮಿಗೆ ಅವರು ಹೊಸ್ತಿಲು ದಾಟಿ ಬಂದದ್ದು ಅದೇ ಮೊದಲು. ಕುಗ್ಗಿಹೋಗಿದ್ದರು, ಆದರೂ ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲಿತ್ತು. ನಾನು ಏಳಲಿಲ್ಲ. ಕೂತೇ ಕೇಳಿದೆ, "ಏನು ಹಾಕಲಿ ಭಾವ?"

ಅವರು ಬಹಳ ಹೊತ್ತು ಪರದೆ ನೋಡಿದರು. ಅಲ್ಲಿ ಸಾಲುಸಾಲು ಚಿಕ್ಕ ಚಿತ್ರಗಳು, ಯಾವುದನ್ನೂ ಕೈಯಲ್ಲಿ ಎತ್ತಿ ನೋಡುವಂತಿಲ್ಲ.

"ನೀನೇ ಆರ್ಸಮ್ಮ" ಅಂದರು.

ಕಾನ್ವೆಂಟಮ್ಮ ಎನ್ನಲಿಲ್ಲ. ನನ್ನ ಎದೆ ಒಂದು ಕ್ಷಣ ಮೆತ್ತಗಾಯಿತು, ಇಲ್ಲವೆನ್ನುವುದಿಲ್ಲ. ಬಹಳ ಯೋಚಿಸಿ ಒಂದು ಹಳೆಯ ಕಪ್ಪುಬಿಳುಪು ಸಿನಿಮಾ ಹಾಕಿದೆ. ಶುರುವಿನಲ್ಲಿ ಬರುವ ನಟರ ಹೆಸರುಗಳು ಇನ್ನೂ ಮುಗಿದಿರಲಿಲ್ಲ.

"ಇದಲ್ಲ. ಬ್ಯಾರೆ ಹಾಕು."

ನಾನು ಮೌಸನ್ನು ಅವರ ಕೈಗೆ ನಿಲುಕದ ಕಡೆ ಸರಿಸಿಟ್ಟು ಹಿಂದಕ್ಕೆ ಒರಗಿ ಕೂತೆ.

"ಕೇಳಿಸ್ತೇನಮ್ಮ? ಬ್ಯಾರೆ ಹಾಕು ಅಂದೆ."

"ನೋ, ಭಾವ" ಅಂದೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವ ಗೊಣಗಿದರು, ಗಂಟಲು ಕೆರೆದರು, ಚಕ್ರವನ್ನು ತಾವೇ ತಿರುಗಿಸಲು ನೋಡಿದರು, ಆಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಗೊಣಗುವುದು ನಿಂತಿತು. ಸಿನಿಮಾ ಕೊನೆಯವರೆಗೂ ನೋಡಿದರು. ಚೆನ್ನಾಗಿತ್ತೆಂದು ಹೇಳಲಿಲ್ಲ. ಆದರೆ ಮಾರನೆಯ ದಿನ ಅದೇ ಹೊತ್ತಿಗೆ ವೀಲ್‌ಚೇರ್ ಬಂತು. ತೀರಿಕೊಳ್ಳುವ ಹಿಂದಿನ ವಾರದವರೆಗೂ ಬಂತು, ಪ್ರತಿ ಸಲವೂ "ಇದಲ್ಲ" ಎನ್ನುತ್ತಲೇ. ನೋಡಲು ಬಂದವರ ಹತ್ತಿರ ಅವರು ದೂರುತ್ತಿದ್ದುದು ನನ್ನ ರೂಮಿಗೂ ಕೇಳಿಸುತ್ತಿತ್ತು:

"ಏನ್ ಮಾಡದು ಕಣಯ್ಯಾ, ಈ ಮನೇಲಿ ಈಗ ಅವಳು ಹಾಕಿದ್ದೇ ನೋಡ್ಬೇಕು."

ನಾನು ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ, ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.